ಹೇಮಾವತಿ ನೋಡದ ಮನೆ

ಹೇಮಾವತಿ ಇಣುಕುವ ಹೆಂಗಸು. ಇದನ್ನು ಮೆತ್ತಗೆ ಹೇಳಲು ಬೇರೆ ಮಾತುಗಳಿವೆ, ಆದರೆ ಅವು ಅವಳಿಗೆ ಹೊಂದುವುದಿಲ್ಲ. ಇನ್ನೊಬ್ಬರ ಮನೆಯಲ್ಲಿ ಮುಚ್ಚಿಟ್ಟದ್ದು ಏನಾದರೂ ಇದ್ದರೆ ಅದನ್ನು ತೆರೆದು ನೋಡುವ ತನಕ ಅವಳಿಗೆ ಅನ್ನ ಇಳಿಯುವುದಿಲ್ಲ. ನೋಡಿದ ಮೇಲೆ ನಾಲ್ಕು ಜನಕ್ಕೆ ಹೇಳುವ ತನಕ ನೀರೂ ಇಳಿಯುವುದಿಲ್ಲ.

ತೆಲುಗು ಸೀಮೆಯ ಕಲ್ಯಾಣದುರ್ಗದಲ್ಲಿ ಯಾರ ಮನೆಯ ಗೃಹಪ್ರವೇಶವಾದರೂ ಉಳಿದ ಹೆಂಗಸರು ಮೊದಲು ದೇವರ ಕೋಣೆಗೆ ಹೋಗಿ ಕೈಮುಗಿದರೆ, ಹೇಮಾವತಿ ಮೊದಲು ಬಚ್ಚಲಿಗೆ ಹೋಗುತ್ತಾಳೆ. ನಲ್ಲಿ ತಿರುಗಿಸಿ ನೋಡುತ್ತಾಳೆ. ಬೆರಳಿನ ಗೆಣ್ಣಿನಿಂದ ಟೈಲ್ಸ್ ತಟ್ಟಿ, "ಈ ಮೂಲೇಲಿ ಟೊಳ್ಳೈತೆ ಕಣಮ್ಮ, ಮೇಸ್ತ್ರಿ ಮೋಸ ಮಾಡವ್ನೆ" ಎಂದು ಮನೆಯೊಡತಿಗೇ ಹೇಳುತ್ತಾಳೆ. ಬೀರು ತೆರೆದು ಒಳಗಿನ ಹಲಗೆ ಮೂಸಿ ನೋಡುತ್ತಾಳೆ. ಒಮ್ಮೆ ಸಾವಿನ ಮನೆಗೆ ಮಾತಾಡಿಸಲು ಹೋಗಿದ್ದವಳು, ಅಳುತ್ತಿದ್ದ ಸೊಸೆಯ ಪಕ್ಕ ಕೂತು, ತಲೆ ಮೇಲೆತ್ತಿ, "ಈ ಪಿಓಪಿ ಸೀಲಿಂಗು ಯಾರ ಕೈಲಿ ಮಾಡಿಸ್ದ್ರಿ?" ಎಂದು ಕೇಳಿದ್ದುಂಟು. ಸೊಸೆ ಅಳು ನಿಲ್ಲಿಸಿ ಕೆಲಸಗಾರನ ಹೆಸರು ಹೇಳಿದಳು ಎಂಬುದೂ ನಿಜ.

ಇಷ್ಟೆಲ್ಲ ನೋಡಿದವಳು ನೋಡದೆ ಉಳಿದದ್ದು ಒಂದೇ ಮನೆ. ಅದು ಹಿಂದೂಪುರದಲ್ಲಿತ್ತು. ಅವಳ ವಾರಗಿತ್ತಿ, ಅಂದರೆ ಗಂಡನ ಅಣ್ಣನ ಹೆಂಡತಿ, ನರಸಕ್ಕನ ಮನೆ.

ನರಸಕ್ಕ ಮತ್ತು ಹೇಮಾವತಿ ಹಿಂದೆ ಕಲ್ಯಾಣದುರ್ಗದ ಒಂದೇ ಮನೆಯಲ್ಲಿದ್ದರು. ನರಸಕ್ಕ ಹಿರೇಸೊಸೆ. ಮಾತು ಕಡಿಮೆ. ಅವಳ ಹತ್ತಿರ ತವರಿನಿಂದ ತಂದ ಒಂದು ತಗಡಿನ ಪೆಟ್ಟಿಗೆ ಇತ್ತು, ಅದಕ್ಕೊಂದು ಬೀಗ. ಹೇಮಾವತಿ ಕಿರಿಸೊಸೆಯಾಗಿ ಬಂದ ಮೇಲೆ ಆ ಬೀಗವನ್ನು ಬಹಳ ದಿನ ನೋಡಿದಳು. ಒಂದು ದಿನ ನರಸಕ್ಕ ಹೊಲಕ್ಕೆ ಹೋದಾಗ ಬೀಗ ಸರಿಯಾಗಿ ಬಿದ್ದಿರಲಿಲ್ಲ. ಪೆಟ್ಟಿಗೆಯಲ್ಲಿ ಒಡವೆ ಇರಲಿಲ್ಲ. ಹಳೆಯ ಸೀರೆಯಲ್ಲಿ ಸುತ್ತಿಟ್ಟ ಮನೆಗಳಿದ್ದವು: ಕ್ಯಾಲೆಂಡರಿನಿಂದ, ವಾರಪತ್ರಿಕೆಗಳಿಂದ ಕತ್ತರಿಸಿದ ಮನೆಗಳ ಚಿತ್ರ, ಬಣ್ಣದ ಅಂಗಡಿಯವರು ಬಿಸಾಡಿದ ಶೇಡ್ ಕಾರ್ಡು, ಒಡೆದ ಟೈಲ್ಸಿನ ಚೂರು, ಸಿಮೆಂಟ್ ಚೀಲದ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದ ಒಂದು ನಕ್ಷೆ. ಅದರಲ್ಲಿ ಬಾಗಿಲು ಎಲ್ಲಿ, ಕಿಟಕಿ ಎಲ್ಲಿ, ಯಾವ ಗೋಡೆಗೆ ಯಾವ ಬಣ್ಣ ಎಂದು ಗುರುತು.

ಮರುದಿನ ಬೀದಿಯ ನಲ್ಲಿಯ ಹತ್ತಿರ ಹೇಮಾವತಿ ನಗುನಗುತ್ತ ಹೇಳಿದಳು: "ನಮ್ಮಕ್ಕ ಪೆಟ್ಟಿಗೇಲಿ ಬಂಗ್ಲೆ ಕಟ್ಟವ್ಳೆ ಕಣ್ರೇ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಅದರಿಂದ ಆದ ನೋವೇನೂ ಕಡಿಮೆಯಾಗಲಿಲ್ಲ. ವಾರ ಕಳೆಯುವುದರೊಳಗೆ ಬೀದಿಗೆಲ್ಲ ಅವಳು "ಬಂಗ್ಲೆ ನರಸಕ್ಕ". ತರಕಾರಿ ಗಾಡಿಯವನು "ಬಂಗ್ಲಾ ಅಮ್ಮಾ, ವಂಕಾಯ ಕಾವಾಲಾ?" ಎಂದು ತೆಲುಗಿನಲ್ಲಿ ಕೂಗಿದ ದಿನ ನರಸಕ್ಕ ಬದನೆಕಾಯಿಯನ್ನೂ ಕೊಳ್ಳಲಿಲ್ಲ, ಜಗಳವನ್ನೂ ಆಡಲಿಲ್ಲ. ಅವಳ ಗಂಡ ಅಶ್ವತ್ಥಪ್ಪ ಆಗಲೇ ಹಿಂದೂಪುರದ ಹುಣಸೆ ಮಂಡಿಯಲ್ಲಿ ತೂಕದ ಕೆಲಸಕ್ಕೆ ಹೋಗಿದ್ದ. ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿಸಿ ಅವಳೂ ಹೊರಟುಹೋದಳು. ಮದುವೆ, ತಿಥಿಗಳಲ್ಲಿ ಬೇರೆಯವರ ಮನೆಗಳಲ್ಲಿ ಕಾಣಿಸುತ್ತಿದ್ದಳು. ಕಲ್ಯಾಣದುರ್ಗದ ಆ ಮನೆಯ ಹೊಸ್ತಿಲು ಮತ್ತೆ ತುಳಿಯಲಿಲ್ಲ.

ಆಮೇಲೆ ಹಿಂದೂಪುರದಲ್ಲಿ ಅವರೊಂದು ಸ್ವಂತ ಮನೆ ಮಾಡಿಕೊಂಡರೆಂಬ ಸುದ್ದಿ ಬಂತು. ಬಂಧುಗಳು ಯಾರೇ ಹೋದರೂ ಜಗಲಿಯ ಮೇಲೆಯೇ ಕೂರಿಸಿ, ಅಲ್ಲೇ ಊಟ ಹಾಕಿ, ಅಲ್ಲಿಂದಲೇ ಕಳಿಸುತ್ತಾರೆ, ಒಳಗೆ ಕರೆಯುವುದಿಲ್ಲ ಎಂಬ ಸುದ್ದಿಯೂ ಬಂತು. ಆ ಮನೆಯ ಒಳಗೋಡೆಗಳು ಹೇಗಿರಬಹುದು ಎಂದು ಹೇಮಾವತಿ ಯೋಚಿಸದ ಹಬ್ಬವಿಲ್ಲ. ಒಮ್ಮೆ ಗುಲಾಬಿ ಎಂದುಕೊಳ್ಳುವಳು, ಇನ್ನೊಮ್ಮೆ ಕನ್ನಡಿ ಚೂರು ಮೆತ್ತಿದ್ದಾಳೆ ಎಂದುಕೊಳ್ಳುವಳು. ಕೇಳುವ ಮುಖ ಅವಳಿಗೆ ಉಳಿದಿರಲಿಲ್ಲ.

ಈ ವರ್ಷ ಅವಳ ಮಗ ಬಾಲಾಜಿಗೆ ಸೆಟ್ಟೂರಿನ ಕಡೆಯಿಂದ ಸಂಬಂಧ ಕೂಡಿ ಬಂತು. ಬಾಲಾಜಿ ಕಲ್ಯಾಣದುರ್ಗ ಸೆಟ್ಟೂರು ನಡುವೆ ಜೀಪು ಓಡಿಸುತ್ತಾನೆ. ಹುಡುಗಿಯನ್ನು ಇವರು ನೋಡಿ ಒಪ್ಪಿದ್ದಾಯಿತು. ಇನ್ನು ಅವರು ಹುಡುಗನ ಮನೆ ನೋಡಲು ಬರಬೇಕು. ಆ ಕಡೆ ಇದು ಬಿಡಲಾಗದ ಶಾಸ್ತ್ರ: ಹುಡುಗಿಯ ಕಡೆಯ ಹಿರಿಯ ಹೆಂಗಸರು ಬಂದು ಒಲೆ, ನೀರು, ಗೋಡೆ, ಹಿತ್ತಿಲು ಎಲ್ಲ ನೋಡುತ್ತಾರೆ, ಹುಡುಗನ ಮನೆಯ ಹಿರೇಸೊಸೆ ಹೊಸ್ತಿಲಲ್ಲಿ ನಿಂತು ಕುಂಕುಮ ಕೊಟ್ಟು ಒಳಗೆ ಕರೆಯಬೇಕು. ಹಿರೇಸೊಸೆ ಬದುಕಿದ್ದೂ ನಿಲ್ಲದಿದ್ದರೆ, ಒಳಗೆ ಏನೋ ಒಡಕಿದೆ ಎಂದು ಬಂದವರು ಹೊಸ್ತಿಲಿನಿಂದಲೇ ವಾಪಸು ಹೋದದ್ದನ್ನು ಹೇಮಾವತಿಯೇ ಕಣ್ಣಾರೆ ಕಂಡಿದ್ದಳು. ಆಗ ಅವಳು ಪಕ್ಕದ ಮನೆಯ ಕಿಟಕಿಯಲ್ಲಿದ್ದಳು.

ಅವಳು ಮೊದಲು ಚಿಂತೆ ಮಾಡಿದ್ದು ನರಸಕ್ಕನದಲ್ಲ, ಪಡಸಾಲೆಯದು. ಊರ ಮನೆಗಳನ್ನೆಲ್ಲ ನೋಡಿ ಹುಳುಕು ತೆಗೆದವಳ ಮನೆಯನ್ನು ಈಗ ನಾಲ್ಕು ಜನ ನೋಡಲು ಬರುತ್ತಾರೆ! ಪೇಂಟರ್ ಪೋತಪ್ಪನನ್ನು ಕರೆಸಿ ಪಡಸಾಲೆಯ ನಡುವೆ ನಿಲ್ಲಿಸಿ ಕೈತೋರಿಸುತ್ತ ಹೋದಳು.

"ಈ ಗೋಡೆ ಕಂಡಕ್ಟರ್ ಮನೇದು ಇದ್ದಂಗೆ ಕಿತ್ತಳೆ ಬರ್ಲಿ. ಆ ಗೋಡೆಗೆ ಪದ್ಮಲತಾ ಟೀಚರ್ ಮನೇಲಿ ಐತಲ್ಲ, ಮುಟ್ಟಿದ್ರೆ ಗರಗರ ಅನ್ನೋದು, ಆ ಟೆಕ್ಸ್ಚರು. ಗೂಡಿನ ಸುತ್ತ ಬಂಗಾರದ ಗೆರೆ. ಮ್ಯಾಲೆ ಮೆಡಿಕಲ್ ಶಾಪ್ನೋರ ಮನೆ ತರ ಮೋಡ."

ಪೋತಪ್ಪ ಗೋಡೆ ನೋಡಿದ, ಅವಳನ್ನು ನೋಡಿದ. "ಹೇಮಕ್ಕಾ, ಇದು ಮನೇನಾ, ಮಿಠಾಯಿ ಅಂಗ್ಡೀನಾ?"

"ಹೇಳಿದ್ದು ಬಳಿಯಪ್ಪಾ ನೀನು."

"ಬಳೀತೀನಿ. ಅದು ಅವ್ರ ಮನೆ, ಇದು ಇವ್ರ ಮನೆ ಅಂತೀಯ. ನಿಂಗೇನು ಬೇಕು ಹೇಳು."

ಹೇಮಾವತಿ ನಾಲ್ಕೂ ಗೋಡೆ ನೋಡಿದಳು. ತನಗೆ ಯಾವ ಬಣ್ಣ ಇಷ್ಟ ಎಂದು ಅವಳು ಯೋಚಿಸಿಯೇ ಇರಲಿಲ್ಲ ಎಂಬುದು ಅವಳಿಗೇ ವಿಚಿತ್ರವಾಗಿ ಕಂಡಿತು. ಕೋಪ ಬಂದು, "ಮೊದ್ಲು ಗೋಡೆಗೆ ಪುಟ್ಟಿ ಬಳಿ, ಆಮ್ಯಾಕೆ ಹೇಳ್ತೀನಿ" ಎಂದಳು.

"ಪುಟ್ಟಿ ಎಲ್ಲಿ ಬಳೀಲಿ? ಸುಣ್ಣದ ಮ್ಯಾಲೆ ಸುಣ್ಣ, ರೊಟ್ಟಿ ಮ್ಯಾಲೆ ರೊಟ್ಟಿ ಒಟ್ಟಿದಂಗೈತೆ. ಇದ್ರ ಮ್ಯಾಲೆ ಪುಟ್ಟಿ ಹಾಕಿದ್ರೆ ಸೆಟ್ಟೂರೋರು ಕಾಫಿ ಕುಡಿಯೋವಾಗ್ಲೇ ಚೆಕ್ಕೆ ಎದ್ದು ಲೋಟಕ್ಕೆ ಬಿದ್ಬುಡ್ತೈತೆ. ಪೂರಾ ಕೆರೀಬೇಕು."

ಅವನು ಹೇಳಿದ್ದು ಸರಿಯೇ. ಆ ಮನೆಯಲ್ಲಿ ಪ್ರತಿ ಯುಗಾದಿಗೂ ಹಳೆಯ ಸುಣ್ಣದ ಮೇಲೆಯೇ ಹೊಸ ಸುಣ್ಣ ಬಳಿದುಕೊಂಡು ಬಂದಿದ್ದರು; ಕೆರೆದವರು ಒಬ್ಬರೂ ಇರಲಿಲ್ಲ. ಪೋತಪ್ಪ ನೀರು ಚಿಮುಕಿಸಿ, ಕಬ್ಬಿಣದ ಪಟ್ಟಿಯಿಂದ ಕೆರೆಯಲು ಕೂತ. ಬಿಳಿಯ ಅಡಿಯಲ್ಲಿ ತಿಳಿ ನೀಲಿ ಬಂತು. ಅದರ ಅಡಿಯಲ್ಲಿ ಮಾಸಿದ ಹಳದಿ. ಪದರ ಪದರ ಕಳಚಿದಂತೆ ಹೇಮಾವತಿ ಹತ್ತಿರ ಹತ್ತಿರ ಬಂದಳು. ತಾನು ಮದುವೆಯಾಗಿ ಬಂದ ವರ್ಷದ ಗೋಡೆ ಯಾವುದು, ಬಾಲಾಜಿ ಹುಟ್ಟಿದ ವರ್ಷದ್ದು ಯಾವುದು ಎಂದು ಬೆರಳಿಟ್ಟು ಹುಡುಕಿದಳು. ಒಲೆಯ ಮೇಲೆ ಸಾರು ಹೊತ್ತಿದ್ದು ಪೋತಪ್ಪನ ಮೂಗಿಗೆ ಮೊದಲು ತಿಳಿಯಿತು.

ಗೂಡಿನ ಕೆಳಗೆ ಒಂದು ಅಗಲವಾದ ಚೆಕ್ಕೆ ಒಮ್ಮೆಲೇ ಕಳಚಿ ಬಿತ್ತು. ಪೋತಪ್ಪನ ಕೈ ನಿಂತಿತು.

"ಅಕ್ಕಾ, ಇದೇನಿದು?"

ಗೋಡೆಯ ಮೇಲೆ ಕೆಮ್ಮಣ್ಣಿನ ಒಂದು ಗೆರೆ. ಗೆರೆಯ ಮೇಲ್ಗಡೆ ಸಣ್ಣ ದುಂಡನೆಯ ಎಲೆಗಳು, ಜೋಡಿ ಜೋಡಿ, ನೀಲಿ ಬಣ್ಣದವು. ಗೆರೆಯ ಕೆಳಗೆ ದಾರದಂಥ ಬೇರುಗಳು. ಬೇರಿನ ತುದಿಗಳಲ್ಲಿ ನಡು ಹಿಂಡಿದಂಥ ಕಾಯಿಗಳು. ಕಡಲೆಕಾಯಿ ಗಿಡ. ಹೊಲದಲ್ಲಿ ನೆಲದ ಮೇಲೆ ಕಾಣುವುದೂ ನೆಲದ ಒಳಗಿರುವುದೂ ಒಂದೇ ಸಲಕ್ಕೆ ಕಾಣುವ ಹಾಗೆ ಯಾರೋ ಬರೆದಿದ್ದರು.

ಹೇಮಾವತಿ ಅಡುಗೆಮನೆಗೆ ಓಡಿ ಒಂದು ಚಮಚ ತಂದಳು. ಪೋತಪ್ಪ ಬೇಡವೆಂದರೂ ಕೇಳದೆ ನೆಲದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕೆರೆಯತೊಡಗಿದಳು. ಸಂಜೆ ಅವಳ ಗಂಡ ಮುರಳಿಕೃಷ್ಣ ಕಡಲೆಕಾಯಿ ಮಿಲ್ಲಿನಿಂದ ಬಂದಾಗ ಹೆಂಡತಿಯ ಕೂದಲು, ರೆಪ್ಪೆ ಎಲ್ಲ ಬೆಳ್ಳಗಾಗಿದ್ದವು. ಬಾಗಿಲಲ್ಲಿ ಬೀದಿಯ ಅರ್ಧ ಜನ ನಿಂತಿದ್ದರು. ಗಿಡಗಳ ಸಾಲು ಬಾಗಿಲ ಮೂಲೆಯಿಂದ ಹೊರಟು ಗೂಡಿನ ತನಕ ಬಂದು, ಅಲ್ಲಿಗೆ ನಿಂತುಹೋಗಿತ್ತು. ಕೊನೆಯ ಗಿಡಕ್ಕೆ ಎಲೆಗಳಿದ್ದವು, ಕಾಯಿಗಳಿರಲಿಲ್ಲ.

"ಇದ್ಯಾರು ಬರ್ದಿದ್ದು?" ಎಂದಳು ಹೇಮಾವತಿ.

ಮುರಳಿಕೃಷ್ಣ ಚಪ್ಪಲಿಯನ್ನೂ ಬಿಡದೆ ನಿಂತು ನೋಡಿದ. "ಅತ್ತಿಗೆ ಕಣೇ. ಅತ್ತಿಗೆ ಬಂದ ಮೊದಲ್ನೇ ಯುಗಾದಿ. ಹೊಸ ಸೊಸೆ ಗೋಡೆಗೆ ಕೆಮ್ಮಣ್ಣಿನ ಪಟ್ಟೆ ಎಳೀಬೇಕಲ್ಲ, ಎಳಿಯಮ್ಮಾ ಅಂತ ಅಮ್ಮ ಹೇಳಿ ಸಂತೆಗೆ ಹೋಗಿದ್ಲು. ಬರೋ ವೊತ್ಗೆ ಇದು. 'ಹೊಲದಾಗೆ ಕಿತ್ತಿದ್ದು ಸಾಲ್ದಾ, ಮನೆ ಒಳಗೂ ಕೀಳ್ಬೇಕಾ' ಅಂತ ಅಮ್ಮ ಬೈದು ಅವತ್ತೇ ಸುಣ್ಣ ಹೊಡಿಸ್ಬುಟ್ಲು. ನಾನಿನ್ನೂ ಸಣ್ಣೋನು. ಮರ್ತೇ ಹೋಗಿತ್ತು."

"ಅಕ್ಕ ಏನಂದ್ಲು?"

"ಅವ್ರೇನಂತಾರೆ. ಸುಣ್ಣ ಕಲಸಿಕೊಟ್ರು."

ಪೋತಪ್ಪ ಕೈ ಒರೆಸಿಕೊಳ್ಳುತ್ತ, "ಇದ್ರ ಮ್ಯಾಲೆ ಪುಟ್ಟಿ ಬಳೀಲಾ, ಬ್ಯಾಡ್ವಾ? ಹೇಳ್ಬುಡಿ, ನಂಗೆ ಬೇರೆ ಕೆಲ್ಸ ಐತೆ" ಎಂದ. ಹೇಮಾವತಿ ಆ ಕಾಯಿಯಿಲ್ಲದ ಗಿಡವನ್ನೇ ನೋಡುತ್ತಿದ್ದಳು. ಹಾಗಾದರೆ ತಾನು ಪೆಟ್ಟಿಗೆ ತೆರೆದು ನೋಡಿ ನಕ್ಕಿದ್ದು ನರಸಕ್ಕನಿಗಾದ ಎರಡನೇ ಅವಮಾನ. ಮೊದಲನೆಯದು ಈ ಗೋಡೆಯ ಮೇಲೆಯೇ ಆಗಿತ್ತು.

ಮರುದಿನ ಹಿಂದೂಪುರಕ್ಕೆ ಫೋನು ಮಾಡಿದರು. ಮುರಳಿಕೃಷ್ಣ ಮನೆ ನೋಡುವ ಶಾಸ್ತ್ರದ ವಿಷಯ ಹೇಳಿದ. "ನೋಡೋಣ ಕಣಪ್ಪ, ಮಂಡೀಲಿ ಕೆಲ್ಸ ಐತೆ" ಎಂದು ನರಸಕ್ಕ ಫೋನಿಟ್ಟುಬಿಟ್ಟಳು. ಸೆಟ್ಟೂರಿನವರಿಗೆ ಮಾತು ಕೊಟ್ಟ ದಿನ ಹತ್ತಿರವಾಗುತ್ತಿತ್ತು.

"ಫೋನಿಗೆಲ್ಲ ಆಗಲ್ಲ. ನಾನೇ ಹೋಯ್ತೀನಿ" ಎಂದಳು ಹೇಮಾವತಿ.

ಮುರಳಿಕೃಷ್ಣ ಅವಳನ್ನು ಅನುಮಾನದಿಂದ ನೋಡಿದ. "ಕರೆಯಕ್ಕೆ ಹೋಯ್ತೀಯೋ, ಮನೆ ನೋಡಕ್ಕೆ ಹೋಯ್ತೀಯೋ?"

"ಎರಡೂ" ಎಂದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

ಬಸ್ಸು ಬದಲಿಸಿ ಹಿಂದೂಪುರದಲ್ಲಿ ಇಳಿದಾಗ ಬಿಸಿಲು ಏರಿತ್ತು. ಮಂಡಿಯ ಹಿಂದಿನ ಬೀದಿಗಳಲ್ಲಿ ಗಾಳಿಯೇ ಹುಳಿ. ಮನೆಮನೆಯ ಜಗಲಿಯ ಮೇಲೂ ಹೆಂಗಸರು ಹುಣಸೆ ರಾಶಿ ಹಾಕಿಕೊಂಡು ಬೀಜ ಬಿಡಿಸುತ್ತಿದ್ದರು. ನರಸಕ್ಕನ ಮನೆ ಹೊರಗಿನಿಂದ ಎಲ್ಲ ಮನೆಯಂತೆಯೇ ಇತ್ತು: ಬಿಳಿ ಗೋಡೆ, ಬೂದು ಬಾಗಿಲು. ಬಾಗಿಲು ತೆರೆದಿತ್ತು, ಅದಕ್ಕೊಂದು ದಪ್ಪ ಪರದೆ. ಜಗಲಿಯ ಮೇಲೆ ನರಸಕ್ಕ ಕಲ್ಲಿನ ಮೇಲೆ ಹುಣಸೆಹಣ್ಣಿಟ್ಟು ಕೊಡತಿಯಿಂದ ಬಡಿಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಲೆಯೆತ್ತಿ ನೋಡಿ, ಬಡಿಯುವುದನ್ನು ನಿಲ್ಲಿಸಲಿಲ್ಲ.

"ಬಂದ್ಯಾ. ಕೂತ್ಕ."

ಹೇಮಾವತಿ ಜಗಲಿಯ ಅಂಚಿನಲ್ಲಿ ಕೂತಳು. ಪರದೆ ಅವಳ ಬೆನ್ನಿಗೆ ಹತ್ತಿರದಲ್ಲೇ ಇತ್ತು. "ಚೆನ್ನಾಗಿದ್ದೀಯಾ ಅಕ್ಕಾ?"

"ಹುಣಸೆ ಬಡೀತಾ ಇದ್ದೀನಿ. ನಿನ್ನ ಗಂಡ ಫೋನ್ ಮಾಡಿದ್ದ. ಶಾಸ್ತ್ರ ಅಂತೆ. ಇಷ್ಟು ವರ್ಷ ಹಿರೇಸೊಸೆ ನೆನಪಾಗ್ಲಿಲ್ಲ, ಈಗ ಸೆಟ್ಟೂರೋರು ಬಂದು ನೆನಪು ಮಾಡ್ಬೇಕಾಯ್ತು."

"ಬೈಯಿ. ಬೈಸ್ಕಳಾಕೇ ಬಂದಿದ್ದೀನಿ."

"ನಂಗೆ ಬೈಯೋ ಪುರುಸೊತ್ತಿಲ್ಲ. ಮಂಡಿ ಗಾಡಿ ಬರ್ತೈತೆ."

ಹೇಮಾವತಿ ಫೋನು ತೆಗೆದು ಒಂದು ಚಿತ್ರ ಹುಡುಕಿ ನರಸಕ್ಕನ ಮುಂದೆ ಹಿಡಿದಳು. ನರಸಕ್ಕ ಕೈಗಂಟಿದ ಹುಳಿಯನ್ನು ಸೆರಗಿಗೆ ಒರೆಸಿ ಫೋನು ತೆಗೆದುಕೊಂಡಳು. ದೂರ ಹಿಡಿದಳು. ಹತ್ತಿರ ಹಿಡಿದಳು. ಕೊಡತಿ ಕಲ್ಲಿನ ಮೇಲೆ ಸುಮ್ಮನೆ ಬಿದ್ದಿತ್ತು.

"ಇದೆಲ್ಲಿ ಇತ್ತು?"

"ಸುಣ್ಣದ ಕೆಳಗೆ. ಪೋತಪ್ಪ ಕೆರೀವಾಗ ಬಂತು."

"ಎಲೆ ನೀಲಿ ಕಾಣ್ತೈತಾ?"

"ನೀಲೀನೆ. ಕಡ್ಲೆಕಾಯಿ ಎಲೆ ನೀಲಿ ಯಾಕಕ್ಕಾ?"

"ಹಸಿರು ಎಲ್ಲಿತ್ತು ನನ್ಹತ್ರ. ಬಟ್ಟೆಗೆ ಹಾಕೋ ನೀಲಿ ಇತ್ತು." ನರಸಕ್ಕ ಫೋನನ್ನು ವಾಪಸು ಕೊಡಲಿಲ್ಲ. "ಬೀದಿಗೆಲ್ಲ ತೋರಿಸ್ಬುಟ್ಟಿದ್ದೀಯ ಅನ್ನು."

"ಎಲ್ರೂ ನೋಡವ್ರೆ. ಬಾಗ್ಲು ತೆರ್ದಿತ್ತು."

"ನೀನು ಬಾಗ್ಲು ಯಾವತ್ತು ಹಾಕಿದ್ದೀಯ." ನರಸಕ್ಕ ನಗಲಿಲ್ಲ. "ಏನಂದ್ರು? ಬಂಗ್ಲೆ ಅಂದ್ರಾ?"

ಹೇಮಾವತಿ ರಾಶಿಯಿಂದ ಒಂದು ಹುಣಸೆಹಣ್ಣನ್ನು ಕೈಗೆತ್ತಿಕೊಂಡಳು. "ಯಾರು ಬರ್ದಿದ್ದು ಅಂದ್ರು. ನಮ್ಮಕ್ಕ ಅಂದೆ. ಕೊನೇ ಗಿಡಕ್ಕೆ ಕಾಯಿ ಯಾಕಿಲ್ಲ ಅಂದ್ರು. ಅದು ನಂಗೂ ಗೊತ್ತಾಗ್ಲಿಲ್ಲ."

"ಅತ್ತೆ ಬಂದ್ಬುಟ್ರು."

ಅಷ್ಟೇ ಹೇಳಿದಳು. ಬೀದಿಯ ಕೊನೆಯಿಂದ ಮಂಡಿಯ ಆಟೋದ ಹಾರ್ನು ಕೇಳಿಸಿತು. ಬಿಡಿಸಿದ ಹಣ್ಣನ್ನು ತೂಗಿಸಿಕೊಡಲು ಹೆಂಗಸರು ಬುಟ್ಟಿಗಳನ್ನೆತ್ತಿಕೊಂಡು ಹೊರಟರು. ನರಸಕ್ಕ ಫೋನನ್ನು ಹೇಮಾವತಿಯ ಮಡಿಲಿಗಿಟ್ಟು, ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದಳು. ಒಮ್ಮೆ ಪರದೆ ನೋಡಿದಳು. ಒಮ್ಮೆ ಹೇಮಾವತಿಯನ್ನು ನೋಡಿದಳು. ಬಾಗಿಲು ಎಳೆದುಕೊಳ್ಳಲು ಕೈ ಚಾಚಿದಂತೆ ಕಂಡಿತು. ಬುಟ್ಟಿ ಜಾರಿ ಆ ಕೈ ಬುಟ್ಟಿಗೇ ಹೋಯಿತು.

"ಇರು. ಬತ್ತೀನಿ" ಎಂದು ಹೊರಟಳು.

ಬೀದಿ ಖಾಲಿಯಾಯಿತು. ಅಶ್ವತ್ಥಪ್ಪ ಮಂಡಿಯಲ್ಲಿದ್ದ. ಮನೆಯ ಒಳಗೆ ಯಾರ ಸದ್ದೂ ಇರಲಿಲ್ಲ. ಹೇಮಾವತಿ ಅಲ್ಲಿಯವರೆಗೆ ಕೇಳಿದ ಎಲ್ಲ ಸುದ್ದಿಗಳೂ, ತಾನೇ ಕಟ್ಟಿಕೊಂಡ ಎಲ್ಲ ಬಣ್ಣಗಳೂ ಬೆನ್ನ ಹಿಂದೆ ಒಂದು ಮೊಳದ ದೂರದಲ್ಲಿದ್ದವು. ಸಿಮೆಂಟ್ ಚೀಲದ ಕಾಗದದ ನಕ್ಷೆ ಅವಳಿಗೆ ಇನ್ನೂ ಬಾಯಿಪಾಠವಿತ್ತು: ಬಾಗಿಲಿಗೆ ಎದುರು ಕಿಟಕಿ, ಕಿಟಕಿಯ ಪಕ್ಕ ಗೂಡು, ಗೂಡಿನ ಗೋಡೆಗೆ ಒಂದು ಬಣ್ಣದ ಗುರುತು. ಹಾಗೆಯೇ ಕಟ್ಟಿದ್ದಾಳೋ? ಗೂಡು ಇದೆಯೋ? ಒಂದು ಸಲ ತಿರುಗಿ ನೋಡಿದರೆ ಸಾಕು. ಯಾರಿಗೂ ತಿಳಿಯುವುದಿಲ್ಲ. ಈ ಸಲ ಯಾರಿಗೂ ಹೇಳಬೇಕೆಂದೂ ಇಲ್ಲ.

ಬಿಸಿಗಾಳಿ ಬೀಸಿತು. ಪರದೆ ಉಬ್ಬಿ ಪಕ್ಕಕ್ಕೆ ಹಾರಿತು. ಅವಳ ಕಣ್ಣಂಚಿಗೆ ಅಂಗೈ ಅಗಲದಷ್ಟು ಗೋಡೆ ಕಂಡಿತು. ಹಸಿರು.

ಹೇಮಾವತಿ ಎದ್ದಳು. ಕಣ್ಣನ್ನು ನೆಲಕ್ಕಿಟ್ಟುಕೊಂಡೇ ಪರದೆಯ ಅಂಚು ಹಿಡಿದೆಳೆದು ಹೊಸ್ತಿಲಿಗೆ ತಂದಳು. ಹುಣಸೆ ಬಡಿಯುವ ಕಲ್ಲನ್ನು ಎರಡೂ ಕೈಯಿಂದ ಎತ್ತಿ ತಂದು ಅದರ ಮೇಲೆ ಹೇರಿದಳು. ಆಮೇಲೆ ಮೊದಲಿನ ಜಾಗಕ್ಕೆ ಬಂದು, ಬೀದಿಗೆ ಮುಖ ಮಾಡಿ ಕೂತು, ಉಳಿದ ರಾಶಿಯಿಂದ ಒಂದೊಂದೇ ಹಣ್ಣೆತ್ತಿಕೊಂಡು ಬೆರಳಿನಿಂದಲೇ ಬೀಜ ಬಿಡಿಸತೊಡಗಿದಳು. ಕಲ್ಲಿಲ್ಲದೆ ಅದು ಬಲು ನಿಧಾನದ ಕೆಲಸ.

ನರಸಕ್ಕ ಖಾಲಿ ಬುಟ್ಟಿ ಹಿಡಿದು ಬಂದಳು. ಜಗಲಿಯ ಮೆಟ್ಟಿಲಲ್ಲಿ ನಿಂತಳು. ಕಲ್ಲು ಎಲ್ಲಿದೆ ಎಂಬುದನ್ನು ನೋಡಿದಳು.

"ಪೋತಪ್ಪಂಗೆ ಹೇಳು" ಎಂದಳು ನರಸಕ್ಕ, ಬುಟ್ಟಿ ಕೆಳಗಿಡುತ್ತ. "ಆ ಗೋಡೆಗೆ ಪುಟ್ಟಿ ಮುಟ್ಟಿಸ್ಬಾರ್ದು ಅನ್ನು. ಕೆಮ್ಮಣ್ಣು ಡಬ್ಬೀದು ಬ್ಯಾಡ, ಕೆರೆ ಏರಿ ಹತ್ರ ಸಿಗ್ತೈತೆ, ತಂದು ನೆನೆಹಾಕಿರು. ಶಾಸ್ತ್ರಕ್ಕೆ ಎರಡು ದಿನ ಮುಂಚೆ ಬತ್ತೀನಿ. ಒಂದು ಗಿಡಕ್ಕೆ ಕಾಯಿ ಬರೀಬೇಕು."

"ಆಗ್ಲಕ್ಕಾ."

"ಮಿಕ್ಕಿದ ಗೋಡೆಗೆ ಏನು ಬಳಿಸ್ತೀಯ?"

"ಕಿತ್ತಳೆ ಅಂದಿದ್ದೆ. ಬ್ಯಾಡ ಅನ್ನಿಸ್ತೈತೆ. ಏನು ಬೇಕು ಅಂತ ಇನ್ನೂ ಗೊತ್ತಾಗಿಲ್ಲ."

"ಗೊತ್ತಾಗ್ತೈತೆ ಬಿಡು. ನೀರು ತತ್ತೀನಿ ಇರು."

ನರಸಕ್ಕ ಕಲ್ಲನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಪರದೆಯನ್ನು ಪೂರ್ತಿ ಒಂದು ಬದಿಗೆ ಸರಿಸಿ ಒಳಗೆ ಹೋದಳು. ಸರಿಸಿದ ಪರದೆಯನ್ನು ಮತ್ತೆ ಎಳೆಯಲಿಲ್ಲ. ಒಳಗೆ ಕೊಡದ ಮುಚ್ಚಳ ತೆಗೆದ ಸದ್ದಾಯಿತು. ಲೋಟ ಮುಳುಗಿದ ಸದ್ದಾಯಿತು. ಹೆಜ್ಜೆಗಳು ಬೆನ್ನ ಹಿಂದೆ ಬಂದು ನಿಂತವು.

"ತಗೋ ಹೇಮ."

ಹೇಮಾವತಿ ಬೀದಿಯ ಕಡೆಗೇ ಮುಖವಿಟ್ಟುಕೊಂಡು, ಬರೀ ಕೈಯನ್ನು ಹಿಂದಕ್ಕೆ ಚಾಚಿದಳು.